ಬೆನ್ನ ಹಿಂದಿನ ಹೈದರಾಬಾದು

ನನ್ನಲ್ಲಿ ಒಂದು ಕೆಟ್ಟ ಚಾಳಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ನನ್ನ ಕೈಗೆ ಒಂದು ಫೋಟೊ ಕೊಟ್ಟರೆ ಅದರಲ್ಲಿರುವ ಮುಖವನ್ನು ನಾನು ನೋಡುವುದೇ ಇಲ್ಲ. ಮುಖದ ಹಿಂದೆ ಏನಿದೆ ಎಂದು ನೋಡುತ್ತೇನೆ. ನನಗೆ ಹೆಣ್ಣು ನೋಡುವ ಕಾಲಕ್ಕೆ ಬೀಗರ ಕಡೆಯಿಂದ ಬಂದ ಫೋಟೊವನ್ನು ನಮ್ಮವ್ವ ನನ್ನ ಕೈಗಿಟ್ಟು, "ಹ್ಯಾಂಗ ಅದಾಳೋ ಹುಡುಗಿ?" ಎಂದು ಕೇಳಿದ್ದಳು. ನಾನು ಎರಡು ನಿಮಿಷ ನೋಡಿ, "ಹಿಂದಿನ ಕಂಬ ಸಾಗವಾನಿ ಇದ್ದಂಗ ಕಾಣಸ್ತದ" ಎಂದಿದ್ದೆ. ಈ ಮಾತು ಹೇಗೋ ಬೀಗರ ಮನೆಗೂ ಮುಟ್ಟಿತು. ಅದರಿಂದ ಮದುವೆ ನಿಲ್ಲಲಿಲ್ಲ, ಆದರೆ ಆ ಕಂಬ ನಮ್ಮ ಸಂಸಾರದೊಳಗೆ ಬಂದು ನಿಂತುಬಿಟ್ಟಿತು. ತಿಂಗಳಿಗೊಮ್ಮೆಯಾದರೂ ನಮ್ಮಾಕೆ ಅದನ್ನು ನೆನಪಿಸುತ್ತಾಳೆ.

ಇದು ನನ್ನ ಹುಟ್ಟುಗುಣವೋ ಕಸುಬು ಕಲಿಸಿದ್ದೋ ಹೇಳಲಾರೆ. ಹುಮನಾಬಾದಿನ ಒಂದು ಸರಕಾರಿ ಕಚೇರಿಯಲ್ಲಿ ಕುಳಿತು ಬದುಕಿಡೀ ಕಟ್ಟಡಗಳ ನಕ್ಷೆ ಬರೆದವನು ನಾನು. ಶಾಲೆಯ ಕೋಣೆ, ದವಾಖಾನೆಯ ವರಾಂಡ, ಪಶುವೈದ್ಯರ ಕೊಟ್ಟಿಗೆ, ಎಲ್ಲವೂ ಚೌಕ, ಎಲ್ಲಕ್ಕೂ ಒಂದೇ ಥರದ ಕಿಟಕಿ. ಇಂಥವನ್ನು ಬರೆದೂ ಬರೆದೂ ಬೇಸತ್ತವನಿಗೆ ಒಂದು ಕಮಾನು ಕಂಡರೆ ಸಾಕು, ಹಸಿದವನಿಗೆ ಪಂಗತಿ ಕಂಡಂತಾಗುತ್ತದೆ. ಕಮಾನುಗಳು ಬೇಕಾದಷ್ಟು ಸಿಗುವ ಊರು ನಮಗೆ ಒಂದೇ.

ನಮ್ಮ ಭಾಗದಲ್ಲಿ ಶಹರ ಎಂದರೆ ಹೈದರಾಬಾದು. ರಾಜಧಾನಿ ಬೆಂಗಳೂರು ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದಿದ್ದೇವೆ, ಅದು ಬೇರೆ ಮಾತು. ಹಲ್ಲು ನೋಯಲಿ, ಮದುವೆಯ ಸೀರೆ ಬೇಕಾಗಲಿ, ನಮ್ಮ ಕಾಲು ತಾನಾಗಿ ಹೆದ್ದಾರಿಯ ಆ ಕಡೆಗೇ ತಿರುಗುತ್ತದೆ. ನಮ್ಮಜ್ಜನ ಕಾಲದಲ್ಲಂತೂ ಕೋರ್ಟು, ಕಚೇರಿ, ದರಬಾರು ಎಲ್ಲ ಅಲ್ಲೇ. ವ್ಯಾಜ್ಯಕ್ಕೆ ಹೋದವರು ಸೋತರೂ ಗೆದ್ದರೂ ಮರಳುವ ಮುಂಚೆ ಯಾವುದಾದರೂ ದೊಡ್ಡ ಕಟ್ಟಡದ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡೇ ಬರುತ್ತಿದ್ದರು. ನಾನು ಕಂಡಂತೆ, ಸೋತವರ ಫೋಟೊಗಳಲ್ಲಿ ರುಮಾಲು ಒಂದು ಸುತ್ತು ದೊಡ್ಡದಾಗಿರುತ್ತದೆ.

ಇದರ ಲಾಭ ಏನಾಯಿತೆಂದರೆ, ಹೈದರಾಬಾದಿನ ಕಟ್ಟಡಗಳ ಚರಿತ್ರೆಯ ಒಂದು ಪಾಲು ನಮ್ಮ ಬಸವಕಲ್ಯಾಣದ, ಹುಮನಾಬಾದಿನ ಟ್ರಂಕುಗಳಲ್ಲಿ, ಹಳೆಯ ಧೋತರಗಳ ಕೆಳಗೆ ಬಂದು ಕುಳಿತಿತು. ಮೂಸಿ ನದಿ ಉಕ್ಕಿ ಅರ್ಧ ಶಹರವನ್ನು ತೊಳೆದುಕೊಂಡು ಹೋಯಿತಲ್ಲ, ಆಮೇಲೆ ದಂಡೆಯ ಮೇಲೆ ಕೆಂಪು ಕಲ್ಲಿನ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು, ಓಣಿಗಳು ರಸ್ತೆಗಳಾದವು, ನವಾಬರ ದೇವಡಿಗಳು ಒಂದೊಂದಾಗಿ ಕುಸಿದವು. ದೇವಡಿ ಎಂದರೆ ನಮ್ಮ ವಾಡೆಗಳ ದೊಡ್ಡಣ್ಣ. ಹೊರಗೆ ಆನೆ ಹೋಗುವಂಥ ಬಾಗಿಲು, ಒಳಗೆ ಅಂಗಳದ ಹಿಂದೆ ಅಂಗಳ. ಬೆಲ್ಲ, ಬಿಲ್ವದ ಕಾಯಿ ಕೂಡಿಸಿ ಅರೆದ ಗಚ್ಚಿನ ಗೋಡೆಗಳು ಅಮೃತಶಿಲೆಯ ಹಾಗೆ ಹೊಳೆಯುತ್ತಿದ್ದವಂತೆ. ಈಗ ಅವು ಇದ್ದ ಜಾಗದಲ್ಲಿ ಗಾಜಿನ ಅಂಗಡಿಗಳಿವೆ. ಆದರೆ ಕಲ್ಯಾಣದ ಯಾವುದೋ ಅರಿವೆ ವ್ಯಾಪಾರಿಯ ಸೋದರಮಾವ ಫೋಟೊದಲ್ಲಿ ಛತ್ರಿ ಊರಿಕೊಂಡು ನಿಂತಿದ್ದಾನಲ್ಲ, ಅವನ ಎಡಭುಜದ ಮೇಲೆ ಅಂಥದೊಂದು ದೇವಡಿಯ ಜರೋಕಾ, ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಿಟಕಿ, ಇನ್ನೂ ಇದೆ. ಮಾವ ಯಾರಿಗೆ ಬೇಕು? ನನಗೆ ಬೇಕಾದದ್ದು ಆ ಜರೋಕಾ. ನಿವೃತ್ತಿಯಾದ ಮೇಲೆ ನಾನು ಹೀಗೆ ಮನೆಮನೆ ತಿರುಗಿ, ಚಹಾ ಕುಡಿದು, ಜನರ ಬೆನ್ನ ಹಿಂದಿನ ಹೈದರಾಬಾದನ್ನು ಒಟ್ಟು ಹಾಕತೊಡಗಿದೆ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗಲಿಕ್ಕಿಲ್ಲ. ನನ್ನದು ಹುಟ್ಟಾ ಫಿಕರಿನ ಜೀವ. ಬಸ್ಸು ಹತ್ತಿದ ಮೇಲೆ ಇದು ಬೇರೆ ಊರಿನ ಬಸ್ಸೇನೋ ಎಂದು ಮೂವರನ್ನು ಕೇಳುತ್ತೇನೆ. ಮೂವರೂ ಒಂದೇ ಉತ್ತರ ಹೇಳಿದರೆ ಮೂವರೂ ತಪ್ಪು ಹತ್ತಿರಬಹುದೆಂದು ಕಂಡಕ್ಟರನ ದಾರಿ ಕಾಯುತ್ತೇನೆ. ನೌಕರಿಯಲ್ಲಿದ್ದಾಗ ಒಂದು ಪ್ರವಾಸಿ ಬಂಗಲೆಯ ನಕ್ಷೆಯಲ್ಲಿ ಬಾಗಿಲು ತೆರೆದರೆ ಮಂಚಕ್ಕೆ ಬಡಿಯುವಂತೆ ಬರೆದುಬಿಟ್ಟಿದ್ದೆ. ಅದು ಹಾಗೆಯೇ ಕಟ್ಟಿಯೂ ಆಯಿತು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ, ಮಂಚ ಸರಿಸಿಕೊಂಡರು ಅಷ್ಟೆ. ಆದರೂ ಇವತ್ತಿನವರೆಗೆ ಎಲ್ಲಾದರೂ ಬಾಗಿಲು ಧಡ್ ಎಂದರೆ ನನ್ನ ಎದೆಯೂ ಧಡ್ ಎನ್ನುತ್ತದೆ.

ಇಂಥ ನಾನು ಕಳೆದ ವರ್ಷ ಒಂದು ಧೈರ್ಯದ ಕೆಲಸ ಮಾಡಿದೆ. ಅದರ ಕಥೆಯೇ ಇದು.

ಹುಮನಾಬಾದಿನ ಔಷಧದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ದುಬಲಗುಂಡಿಯವನೊಬ್ಬ, ತನ್ನ ತಾಯಿಯ ಹತ್ತಿರ ಒಂದು ಹಳೆಯ ಫೋಟೊ ಇದೆ ಎಂದು ಹೇಳಿದ. ಹೋದೆ. ತಾಯಿಯ ಹೆಸರು ಕಮಳಾಬಾಯಿ. ಎಪ್ಪತ್ತು ದಾಟಿರಬೇಕು; ಮೊಣಕಾಲು ಹಿಡಿಯುವವರೆಗೆ ಕಂಡವರ ಹೊಲದಲ್ಲಿ ತೊಗರಿ ಕೊಯ್ದ ಕೈ. ಆಕೆ ಗಂಟು ಬಿಚ್ಚಿ, ಅದರೊಳಗಿನ ಇನ್ನೊಂದು ಗಂಟು ಬಿಚ್ಚಿ, ಫೋಟೊ ತೆಗೆದುಕೊಟ್ಟಳು. "ನಮ್ಮ ಮನಿಯವ್ರದು ಇದೊಂದೇ ಫೋಟೊ ನೋಡ್ರಿ ಸಾಹೇಬ್ರ. ಹೈದರಾಬಾದದಾಗ ಕೆಲಸಕ್ಕಿದ್ರು" ಎಂದಳು. ನಾನು ಫೋಟೊ ನೋಡಿದೆ, ಮೈ ಜುಮ್ಮೆಂದಿತು. ಎಡಗಡೆ ಇಬ್ಬರು ನಿಂತಿದ್ದಾರೆ, ಒಬ್ಬ ಗಂಡಸು, ಒಬ್ಬ ಹೆಂಗಸು. ಬಲಗಡೆ, ಆಹಾ, ಎರಡಂತಸ್ತಿನ ಭವನ! ಕೆಳಗೆ ಏಳು ಕಮಾನು, ಮೇಲೆ ಕೆತ್ತನೆಯ ಜರೋಕಾಗಳ ಸಾಲು, ಎರಡೂ ತುದಿಗೆ ಒಂದೊಂದು ಗುಮ್ಮಟ. ಇಂಥ ದೇವಡಿಯನ್ನು ನಾನು ಯಾವ ಚಿತ್ರದಲ್ಲೂ ನೋಡಿರಲಿಲ್ಲ.

ಫೋಟೊವನ್ನು ಹುಮನಾಬಾದಿಗೆ ಒಯ್ದು, ಕಂಪ್ಯೂಟರಿಗೆ ಇಳಿಸಿಕೊಂಡು, ವಾರದೊಳಗೆ ಮರಳಿಸಿದೆ. ಆಮೇಲೆ ಮೂರು ತಿಂಗಳು ಅದರ ಮುಂದೆಯೇ ಕುಳಿತೆ. ನಿಂತಿದ್ದ ಗಂಡಸು ಐದೂವರೆ ಅಡಿ ಎಂದು ಹಿಡಿದೆ. ಅವನಿಂದ ಕಟ್ಟಡಕ್ಕೆ ನಲವತ್ತು ಹೆಜ್ಜೆ ಎಂದು ಅಂದಾಜು ಮಾಡಿದೆ. ಅದರ ಮೇಲೆ ಲೆಕ್ಕ ಹಾಕಿ ಕಮಾನು ಎಷ್ಟು ಎತ್ತರ, ಗುಮ್ಮಟ ಎಷ್ಟು ಸುತ್ತಳತೆ, ಎಲ್ಲ ತೆಗೆದೆ. ಎರಡು ಅಂತಸ್ತುಗಳ ನಡುವೆ ಒಂದು ತೆಳುವಾದ ಅಡ್ಡಗೆರೆ ಉದ್ದಕ್ಕೂ ಹಾದುಹೋಗಿತ್ತು. ಅದನ್ನು "ಮಳೆನೀರು ಗೋಡೆಗೆ ಇಳಿಯದಂತೆ ಮಾಡಿದ ಅಲಂಕಾರದ ಪಟ್ಟಿ" ಎಂದು ಗುರುತಿಸಿದೆ. ಹತ್ತು ಪುಟದ ಲೇಖನವೂ ಆಯಿತು, ನೆಲದ ನಕ್ಷೆಯೂ ಆಯಿತು. ಹೌದು, ಮುಂಭಾಗ ಮಾತ್ರ ಕಾಣುವ ಕಟ್ಟಡದ ಒಳಗಿನ ಅಂಗಳಗಳನ್ನೂ ನಾನು ಬರೆದೆ. ಈ ಸಲ ಬಾಗಿಲು ಮಂಚಕ್ಕೆ ಬಡಿಯದಂತೆ ಎಚ್ಚರ ವಹಿಸಿದ್ದೆ.

ಬಸವಕಲ್ಯಾಣದ ಕಾಲೇಜೊಂದರವರು ನನ್ನ ಸಂಗ್ರಹದ ಪ್ರದರ್ಶನ ಇಡುತ್ತೇವೆಂದು ಮುಂದೆ ಬಂದರು. ಉದ್ಘಾಟನೆಗೆ ಹೈದರಾಬಾದಿನಿಂದಲೇ ಒಬ್ಬ ಚರಿತ್ರೆಯ ಪ್ರಾಧ್ಯಾಪಕರು ಬರುವುದೆಂದಾಯಿತು. ನನ್ನ ಲೇಖನ ಅವರಿಗೆ ಮುಂಚೆಯೇ ಹೋಗಿತ್ತು. ಅವರು ಫೋನು ಮಾಡಿ, ಇಂಥದೊಂದು ದೇವಡಿ ಇದ್ದದ್ದು ನಮಗೇ ಗೊತ್ತಿರಲಿಲ್ಲ, ನನ್ನ ಭಾಷಣದಲ್ಲಿ ಇದನ್ನೇ ಮುಖ್ಯವಾಗಿ ಹೇಳುತ್ತೇನೆ ಎಂದರು. ಆ ದಿನ ನಾನು ಎರಡು ಹೋಳಿಗೆ ಹೆಚ್ಚು ತಿಂದೆ. ಪ್ರದರ್ಶನ ಒಂದು ಭಾನುವಾರ. ಕಮಳಾಬಾಯಿಗೂ ಹೇಳಿಕಳಿಸಿದೆ. ಫೋಟೊ ಮರಳಿಸಲು ಹೋದಾಗಲೇ ಇದನ್ನು ದೊಡ್ಡದು ಮಾಡಿಸುತ್ತೇನೆ ಎಂದಿದ್ದೆ; ಆಕೆ, "ಎಷ್ಟು ದೊಡ್ಡದು ಮಾಡ್ತೀರ್ರಿ?" ಎಂದು ಕೇಳಿದ್ದಳು. ನಾನು ಎರಡೂ ಕೈ ಚಾಚಿ, ಆಮೇಲೆ ಮೇಲಕ್ಕೂ ಎತ್ತಿ ತೋರಿಸಿದ್ದೆ. "ಆಳೆತ್ತರ ಆಗ್ತದ ನೋಡವ್ವ" ಎಂದು ಆಕೆ ಸೊಸೆಯ ಕಡೆ ತಿರುಗಿ ಹೇಳಿದ್ದಳು. ಹಳ್ಳಿಯ ಮುದುಕಿಗೂ ವಾಸ್ತುಶಿಲ್ಪದ ಮೇಲೆ ಎಂಥ ಪ್ರೀತಿ ಎಂದುಕೊಂಡು ನಾನು ಬಂದಿದ್ದೆ.

ದೊಡ್ಡ ಪ್ರಿಂಟು ತೆಗೆಯುವವನು ಖದೀರ್. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾನರಿನ ಅಂಗಡಿ. ಹುಟ್ಟುಹಬ್ಬದ ಶುಭಾಶಯ, ಸ್ವಾಗತ, ಶ್ರದ್ಧಾಂಜಲಿ, ಎಲ್ಲವೂ ಅವನ ಯಂತ್ರದೊಳಗಿಂದಲೇ ಹೊರಗೆ ಬರಬೇಕು. ಎಡಗಡೆಯ ಇಬ್ಬರು ಅಡ್ಡ ಬರುತ್ತಾರೆ, ಅವರನ್ನು ಕತ್ತರಿಸಿ ಬರೀ ಕಟ್ಟಡ ದೊಡ್ಡದು ಮಾಡು ಎಂದು ಅವನಿಗೆ ಹೇಳಿದ್ದೆ. ಬುಧವಾರ ನೋಡಲು ಹೋದೆ. ಆರಡಿ ಎತ್ತರದ ನನ್ನ ದೇವಡಿ ಅಂಗಡಿಯ ಗೋಡೆಗೆ ಒರಗಿ ನಿಂತಿತ್ತು. ನಾನು ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಸವಿಯುತ್ತಿದ್ದೆ. ಖದೀರ್ ಮಾತ್ರ ಹತ್ತಿರ ಹೋಗಿ ಬಾಗಿ ನೋಡಿದ.

"ಸರ್, ನಿಮ್ಮ ಬಿಲ್ಡಿಂಗಿಗೆ ಹೊಲಗಿ ಹಾಕ್ಯಾರಲ್ರಿ!"

"ಏನು ಹೊಲಗಿ?"

"ನೋಡ್ರಿ ಬೇಕಾದ್ರ. ದಾರ ಕಾಣಸಾಕತ್ತದ. ನಮ್ಮಪ್ಪ ಟೇಲರ್ ಇದ್ರು ಸರ್, ಇದರಾಗ ನಾ ತಪ್ಪಂಗಿಲ್ಲ. ಎರಡು ಅರಿವಿ ಕೂಡಿಸಿ ಹೊಲಿದಾರ."

ಹತ್ತಿರ ಹೋದೆ. ನನ್ನ ಅಲಂಕಾರದ ಪಟ್ಟಿಯ ಉದ್ದಕ್ಕೂ ಒಂದೇ ಸಮ ಹೊಲಿಗೆಯ ಟಾಕೆಗಳು. ಒಂದು ಕಡೆ ಟಾಕೆ ಬಿಚ್ಚಿ, ಕಟ್ಟಡದ ಮೇಲಂತಸ್ತು ಕೆಳಗಂತಸ್ತಿನಿಂದ ಬೆರಳಗಲ ಸರಿದಿತ್ತು. ಒಮ್ಮೆ ಅದು ಕಣ್ಣಿಗೆ ಬಿದ್ದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಕಮಾನುಗಳ ನೆರಳು ಬಲಕ್ಕೆ ಬಿದ್ದಿತ್ತು, ಗುಮ್ಮಟದ ನೆರಳು ಎಡಕ್ಕೆ. ಆಕಾಶದಲ್ಲಿ ಮಡಿಕೆಯ ಗುರುತು ಇತ್ತು. ನಾನು ನಲವತ್ತು ಹೆಜ್ಜೆ ಎಂದು ಅಳೆದ ಅಂತರ ಒಂದು ಗೇಣು ಇದ್ದೀತು. ಅದು ದೇವಡಿಯಾಗಿರಲಿಲ್ಲ, ಫೋಟೊ ತೆಗೆಯುವ ಅಂಗಡಿಗಳಲ್ಲಿ ಹಿಂದೆ ಇಳಿಬಿಡುತ್ತಿದ್ದರಲ್ಲ, ಆ ಬಣ್ಣದ ಪರದೆ.

ನನಗೆ ಅಲ್ಲೇ ಕುರ್ಚಿ ಬೇಕಾಯಿತು. ಖದೀರ್ ಪಾಪ ನೀರು ಕೊಟ್ಟು, "ಇರ್ಲಿ ಬಿಡ್ರಿ ಸರ್, ದೂರದಿಂದ ಯಾರಿಗೂ ಗೊತ್ತಾಗಂಗಿಲ್ಲ" ಎಂದ. ಪ್ರಾಧ್ಯಾಪಕರು ಹತ್ತಿರದಿಂದಲೇ ನೋಡುವವರು ಎಂಬುದು ಅವನಿಗೆ ಹೇಗೆ ತಿಳಿಯಬೇಕು!

ಮನೆಗೆ ಬಂದು ಯೋಚನೆ ಮಾಡಿದೆ. ಯೋಚನೆ ಎಂದರೆ ಬಾಗಿಲಿನಿಂದ ಹಿತ್ತಿಲವರೆಗೆ, ಹಿತ್ತಿಲಿನಿಂದ ಬಾಗಿಲವರೆಗೆ. ನನ್ನ ಕಣ್ಣ ಮುಂದೆ ಭಾನುವಾರ ಬಂದು ನಿಂತಿತ್ತು. ಪ್ರಾಧ್ಯಾಪಕರು ಮೂಗಿನ ಮೇಲೆ ಕನ್ನಡಕ ಏರಿಸುತ್ತಾರೆ, ಟಾಕೆ ಎಣಿಸುತ್ತಾರೆ, ಇಡೀ ಸಭೆ ನನ್ನ ಕಡೆ ತಿರುಗುತ್ತದೆ. ಆಮೇಲೆ ಹುಮನಾಬಾದಿನ ಗಂಜ್ ಬಜಾರಿನಿಂದ ಕಲ್ಯಾಣದ ಕೋಟೆಯವರೆಗೆ ನನ್ನ ಹೆಸರು ಪರದಾ ಸಾಹೇಬರು ಎಂದಾಗುತ್ತದೆ. ಪ್ರಾಧ್ಯಾಪಕರಿಗೆ ಮೊದಲೇ ಹೇಳಿಬಿಡೋಣವೆಂದು ಮೂರು ಸಲ ಫೋನು ಹಚ್ಚಿದೆ. ಮೂರೂ ಸಲ ಗಂಟೆ ಬಾರಿಸುವ ಮುಂಚೆ ನಾನೇ ಇಟ್ಟುಬಿಟ್ಟೆ. ಜ್ವರ ಬಂದಿದೆ ಎಂದು ಹೇಳಿದರೆ ಹೇಗೆ ಎಂದು ಹಣೆ ಮುಟ್ಟಿಕೊಂಡರೆ ಹಣೆ ತಣ್ಣಗಿತ್ತು. ಆ ಒಂದು ಫೋಟೊ ಮಾತ್ರ ತೆಗೆದುಬಿಡಲೇ? ಆದರೆ ಕರಪತ್ರದ ಮೇಲೆ ಅಚ್ಚಾದದ್ದು ಅದೇ ಫೋಟೊ. ಕಟ್ಟಡ ಕುಸಿದರೆ ಕಲ್ಲು ಮಣ್ಣಾದರೂ ಉಳಿಯುತ್ತದೆ. ನನ್ನದು ಬಟ್ಟೆಯ ಕಟ್ಟಡ, ಏನೂ ಉಳಿಯುವ ಹಾಗಿರಲಿಲ್ಲ.

ಇಲ್ಲೊಂದು ಮಾತು ನನ್ನ ಪರವಾಗಿ. ಈ ತಪ್ಪನ್ನು ಬೇರೆ ಊರಿನವರು ಮಾಡುತ್ತಿರಲಿಲ್ಲ. ಮೈಸೂರಿನವನೋ ಪುಣೆಯವನೋ ಆಗಿದ್ದರೆ, ಇದು ಎಲ್ಲಿಯದು ಎಂದು ಮೊದಲು ಕೇಳುತ್ತಿದ್ದ. ನಮಗೆ ಹಾಗೆ ಕೇಳುವ ರೂಢಿಯೇ ಇಲ್ಲ. ಎರಡಂತಸ್ತು, ನಾಲ್ಕು ಕಮಾನು, ಮೇಲೊಂದು ಗುಮ್ಮಟ ಕಂಡರೆ ಸಾಕು, ಅದು ಹೈದರಾಬಾದು. ನಮ್ಮ ಊರಲ್ಲಿ ಯಾರಾದರೂ ಚಂದದ ಮನೆ ಕಟ್ಟಿಸಿದರೂ "ಹೈದರಾಬಾದ್ ಇದ್ದಂಗ ಅದ" ಎನ್ನುತ್ತೇವೆಯೇ ಹೊರತು ಈ ಮನೆಯಂತೆ ಇದೆ ಎಂದು ಹೈದರಾಬಾದಿಗೆ ಹೋಗಿ ಯಾವತ್ತೂ ಹೇಳಿಲ್ಲ. ಚಂದವೆಲ್ಲ ಅಲ್ಲಿಯದು ಎಂದು ನಾವು ಹುಟ್ಟುವ ಮುಂಚೆಯೇ ಬರೆದುಕೊಟ್ಟುಬಿಟ್ಟಿದ್ದೇವೆ.

ನಮ್ಮಾಕೆ ಎರಡು ದಿನದ ನನ್ನ ಓಡಾಟ ನೋಡಿ ಕಡೆಗೆ ಕೇಳಿದಳು, "ಅಲ್ರೀ, ಆ ದುಬಲಗುಂಡಿ ಆಯಿ ಏನಂತಾಳ?"

"ಯಾವುದರ ಬಗ್ಗೆ?"

"ಆ ಫೋಟೊ ಎಲ್ಲಿ ತೆಗಿಸಿದ್ದು ಅಂತ ಆಕಿಗೆ ಕೇಳೀರಿಲ್ಲೋ?"

ಕೇಳಿರಲಿಲ್ಲ. ಮೂರು ತಿಂಗಳಲ್ಲಿ ಕಮಾನನ್ನು ಕೇಳಿದ್ದೆ, ಗುಮ್ಮಟವನ್ನು ಕೇಳಿದ್ದೆ, ಇಲ್ಲದ ಅಂಗಳಗಳನ್ನು ಕೇಳಿದ್ದೆ. ಆ ಜಾಗದಲ್ಲಿ ಕಾಲೂರಿ ನಿಂತಿದ್ದ, ಇವತ್ತಿಗೂ ಜೀವಂತ ಇರುವ, ನನಗೆ ಚಹಾ ಕೊಟ್ಟ ಮನುಷ್ಯಳನ್ನು ಒಂದು ಮಾತು ಕೇಳಿರಲಿಲ್ಲ. ನಮ್ಮಾಕೆ ಇನ್ನೇನು ಸಾಗವಾನಿ ಕಂಬದ ಮಾತು ತೆಗೆಯುತ್ತಾಳೆ ಎನ್ನುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಕೊಂಡೆ.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ದುಬಲಗುಂಡಿಗೆ ಹೋದೆ. ದಾರಿಯುದ್ದಕ್ಕೂ ಇನ್ನೊಂದು ಹೊಸ ಹೆದರಿಕೆ ಹತ್ತಿತ್ತು. ಗಂಡ ತನ್ನನ್ನು ಹೈದರಾಬಾದಿಗೆ ಕರೆದೊಯ್ದಿದ್ದ ಎಂದು ಆ ಮುದುಕಿ ಊರೆಲ್ಲ ಹೇಳಿಕೊಂಡು ಬಂದಿದ್ದರೆ? ಅದು ಪರದೆ ಎಂದು ನಾನು ಹೇಳುವುದು ಹೇಗೆ? ಆಕೆ ಕಟ್ಟೆಯ ಮೇಲೆ ಕುಳಿತು ಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು, "ಬರ್ರಿ ಸಾಹೇಬ್ರ, ಕೂಡ್ರಿ" ಎಂದು ಚಾಪೆ ಹಾಸಿದಳು. ನಾನು ಕೆಮ್ಮಿದೆ, ಬಿಸಿಲು ಜೋರಾಗಿದೆ ಎಂದೆ, ತೊಗರಿ ಹೇಗಿದೆ ಎಂದೆ. ಕೊನೆಗೆ ಕಣ್ಣು ಮುಚ್ಚಿಕೊಂಡು, "ಆಯಿ, ಆ ಫೋಟೊದಾಗಿನ ಕಟ್ಟಡ ಖರೇದಲ್ಲ ಕಾಣಸ್ತದ, ಪರದಾ ಇದ್ದಂಗ ಅದ" ಎಂದುಬಿಟ್ಟೆ.

ಕಮಳಾಬಾಯಿ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಪರದಾನೇ ಅಲ್ಲೇನ್ರಿ ಮತ್ತ! ಹುಮನಾಬಾದದಾಗ ತೆಗಿಸಿದ್ದು. ಸಂತಿ ದಿನ."

"ಮೊದಲೇ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ನಕ್ಷಾ ಬರಿಯೋ ಸಾಹೇಬ್ರು, ಇಷ್ಟು ಓದ್ದವ್ರಿಗೆ ಅರಿವಿ ಯಾವುದು, ಗ್ವಾಡಿ ಯಾವುದು ಅಂತ ನಾ ಹೇಳಬೇಕೇನ್ರಿ?" ಎಂದು ಆಕೆ ನಕ್ಕಳು. ಆಮೇಲೆ ನಗೆ ಹೆಚ್ಚಾಗಿ ಸೆರಗು ಬಾಯಿಗೆ ಹಿಡಿದುಕೊಂಡಳು. "ನಮ್ಮ ಮನಿಯವ್ರು ಅವತ್ತೇ ಪರದಾ ನೋಡಿ ನಕ್ಕಿದ್ರು. ಈ ಕಮಾನು ಖರೇ ಕಟ್ಟಿದ್ರ ಮೂರು ದಿನಕ್ಕ ಬೀಳ್ತದ ಅಂದ್ರು. ಬರೆದಾಂವ ಹೈದರಾಬಾದ್ ನೋಡೇ ಇಲ್ಲ ಅಂದ್ರು."

ಆಕೆಯ ಗಂಡ ತುಕಾರಾಮ ಹೈದರಾಬಾದಿನಲ್ಲಿ ಮಾಡುತ್ತಿದ್ದ ಕೆಲಸ ಏನೆಂಬುದೂ ನನಗೆ ಆಗಲೇ ತಿಳಿದದ್ದು. ಅವನು ಕಟ್ಟಡಗಳಿಗೆ ಗಾರೆ ಹೊರುತ್ತಿದ್ದ. ವರ್ಷಕ್ಕೆ ಎಂಟು ತಿಂಗಳು ಅಲ್ಲಿ, ಮಳೆಗಾಲಕ್ಕೆ ಇಲ್ಲಿ. ಹಳೆಯ ದೇವಡಿಗಳನ್ನು ಕೆಡಹುವಾಗ ಕೆಡಹಿದ್ದ, ಹೊಸ ಮಹಡಿಗಳನ್ನು ಕಟ್ಟುವಾಗ ಕಟ್ಟಿದ್ದ. ನಾನು ಭೂತಕನ್ನಡಿ ಹಿಡಿದು ಹುಡುಕುವ ಕಮಾನುಗಳ ತೂಕ ಅವನ ತಲೆಗೆ ಗೊತ್ತಿತ್ತು. ಹತ್ತು ಪುಟದ ಲೇಖನದಲ್ಲಿ ಅವನು "ಅಳತೆಗೆ ಅನುಕೂಲವಾಗಿ ನಿಂತ ಒಬ್ಬ ವ್ಯಕ್ತಿ" ಆಗಿದ್ದ. ನನ್ನ ಮರ್ಯಾದೆಯ ಚಿಂತೆ ಆ ಹೊತ್ತಿಗೆ ಸ್ವಲ್ಪ ತಗ್ಗಿತ್ತು. ಹೋಗಲಿ, ಈಕೆಗಾದರೂ ನೋವಾಗಲಿಲ್ಲವಲ್ಲ ಎಂದುಕೊಂಡು ಏಳಲು ಹೊರಟೆ.

ಆಗ ಕಮಳಾಬಾಯಿ ಬೇಳೆಯ ಮೊರ ಬದಿಗಿಟ್ಟು ಕೇಳಿದಳು, "ಪರದಾ ಹೆಂಗರೆ ಇರ್ಲಿ ಸಾಹೇಬ್ರ. ನಮ್ಮ ಮನಿಯವ್ರು ದೊಡ್ಡವ್ರಾಗಿ ಬರೋಬ್ಬರಿ ಬಂದಾರೇನ್ರಿ?"

ಅರ್ಧ ಎದ್ದಿದ್ದ ನಾನು ಮತ್ತೆ ಕುಳಿತೆ.

"ಫೋಟೊ ಸಣ್ಣದು. ನನ್ನ ಕಣ್ಣಿಗೂ ಪೊರೆ ಬಂದದ. ಹತ್ತು ವರ್ಷಾತು, ಅವ್ರ ಮುಖ ಬರೀ ಒಂದು ಬಿಳೀ ಚುಕ್ಕಿ ಕಂಡಂಗ ಕಾಣಸ್ತದ. ನೀವು ಆಳೆತ್ತರ ಮಾಡ್ತೀನಿ ಅಂದ್ರೆಲ್ಲ, ಅದಕ್ಕೇ ಐತವಾರ ಯಾವಾಗ ಬರ್ತದ ಅಂತ ದಾರಿ ಕಾಯಾಕತ್ತೀನಿ. ಒಂದ್ಸಲ ಮುಖ ನೋಡಬೇಕ್ರಿ."

ನಾನು ಆ ಕಟ್ಟೆಯ ಮೇಲೆ ಕುಳಿತಲ್ಲೇ ಕುಗ್ಗಿಹೋದೆ. ಎರಡು ದಿನದಿಂದ ಪರದೆಯ ಚಿಂತೆಯಲ್ಲಿ ಬೆವತಿದ್ದೆನಲ್ಲ, ಅದೆಲ್ಲ ಏನೂ ಅಲ್ಲ. ಆ ಚಿತ್ರದಲ್ಲಿ ನಿಜವಾಗಿದ್ದವರು ಇಬ್ಬರೇ ಇಬ್ಬರು, ಮತ್ತು ನಾನು ಕತ್ತರಿಸಿ ತೆಗೆಸಿದ್ದು ಅವರನ್ನೇ. ಭಾನುವಾರ ಈ ಮುದುಕಿ ಎರಡು ಬಸ್ಸು ಬದಲಿಸಿ ಕಲ್ಯಾಣಕ್ಕೆ ಬಂದು, ಆರಡಿ ಎತ್ತರದ ಒಂದು ಬಟ್ಟೆಯ ಮುಂದೆ ನಿಂತು, ಗಂಡನನ್ನು ಹುಡುಕಬೇಕಿತ್ತು. ನನಗೆ ನಾಚಿಕೆಯಾಯಿತು, ಅಳುವೂ ಬಂತು. "ಬರೋಬ್ಬರಿ ಬರ್ತಾರ ಆಯಿ" ಎಂದು ಮಾತ್ರ ಹೇಳಿ ಬಸ್ಸಿಗೆ ಓಡಿದೆ. ಸುಳ್ಳು ಹೇಳಿದ್ದೆ, ಅದನ್ನು ನಿಜ ಮಾಡಲು ನನ್ನ ಹತ್ತಿರ ಇದ್ದದ್ದು ಒಂದೇ ದಿನ.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಖದೀರನ ಮುಂದೆ ನಿಂತಿದ್ದೆ. ಯಾರದೋ ಮದುವೆಯ ಬ್ಯಾನರುಗಳ ರಾಶಿ ಅವನ ತಲೆಯ ಮೇಲಿತ್ತು. ಸೋಮವಾರ ಮಾಡಿಕೊಡುತ್ತೇನೆ ಎಂದ. ನಾನು ವಿಷಯ ಹೇಳಿದೆ. ಅವನು ಮದುವೆಯ ಬ್ಯಾನರನ್ನು ಬದಿಗೆ ಸರಿಸಿ, "ಮದುವೆ ನಾಳಿ ಸಂಜೀಕ ಅದ, ಹುಡುಗ ಹುಡುಗಿ ಜರಾ ಕಾಯ್ಲಿ ಬಿಡ್ರಿ" ಎಂದು ಕಂಪ್ಯೂಟರ್ ತೆರೆದ. ಪೂರ್ತಿ ಫೋಟೊ ನನ್ನ ಹತ್ತಿರ ಇತ್ತು, ಪುಣ್ಯ. ಈ ಸಲ ಕತ್ತರಿ ಕಟ್ಟಡದ ಕಡೆ ಹೋಯಿತು. ಏಳು ಕಮಾನಿನಲ್ಲಿ ಎರಡು ಉಳಿದವು, ಗುಮ್ಮಟಗಳಲ್ಲಿ ಒಂದೂ ಇಲ್ಲ. ನಡುವೆ ಎರಡು ಸಲ ಕರೆಂಟು ಹೋಯಿತು. ಎರಡೂ ಸಲ, ಕರೆಂಟಿನವರಿಗೆ ನನ್ನ ಮೇಲೆ ಏನೋ ಹಗೆ ಇದೆ ಎಂದೇ ನನಗನ್ನಿಸಿತು. ಸಂಜೆಗೆ ಪ್ರಿಂಟು ಬಂತು, ಮಸಿ ಆರುವ ಮುಂಚೆ ಸುತ್ತಬೇಡಿ ಎಂದು ಖದೀರ್ ಹೇಳಿದ್ದಕ್ಕೆ ಅದನ್ನು ಸುತ್ತದೆ, ಇಬ್ಬರು ಎರಡು ತುದಿ ಹಿಡಿದು, ಟೆಂಪೊದ ಹಿಂದೆ ನಿಂತುಕೊಂಡೇ ಕಲ್ಯಾಣ ಮುಟ್ಟಿಸಿದೆವು.

ಕೆಳಗಿನ ಚೀಟಿಯನ್ನು ನನ್ನ ಕೈಯಾರೆ ಬರೆದೆ. "ತುಕಾರಾಮ, ದುಬಲಗುಂಡಿ. ಹೈದರಾಬಾದಿನ ಕಟ್ಟಡಗಳಿಗೆ ಗಾರೆ ಹೊತ್ತವರು. ಜೊತೆಗೆ ಅವರ ಹೆಂಡತಿ ಕಮಳಾಬಾಯಿ. ಹಿಂದೆ ಕಾಣುವುದು ಹುಮನಾಬಾದಿನ ಅಂಗಡಿಯೊಂದರ ಬಣ್ಣದ ಪರದೆ." ಬರೆದ ಮೇಲೆ ಅಕ್ಷರ ನೆಟ್ಟಗಿದೆಯೇ ಎಂದು ಸ್ಕೇಲು ಇಟ್ಟು ನೋಡಿದೆ. ಪ್ರಾಧ್ಯಾಪಕರಿಗೆ ಇನ್ನೂ ಹೇಳಿರಲಿಲ್ಲ.

ಭಾನುವಾರ ಅವರು ಬಂದವರೇ ನೇರ ವೇದಿಕೆಗೆ ಹೋದರು. ಉದ್ಘಾಟನೆ, ಭಾಷಣ ಮೊದಲು, ಫೋಟೊ ನೋಡುವುದು ಆಮೇಲೆ ಎಂದು ಕಾಲೇಜಿನವರು ಇಟ್ಟಿದ್ದರು. ಅವರ ಕೈಯಲ್ಲಿ ನನ್ನ ಲೇಖನ ಮಡಚಿಕೊಂಡು ಕುಳಿತಿತ್ತು. ನಾನು ಮೊದಲು ಎರಡು ಮಾತಾಡಿ ಅವರನ್ನು ಕರೆಯಬೇಕು. ಆ ಎರಡು ಮಾತಿನಲ್ಲಿ ದೇವಡಿ ಇಲ್ಲವೆಂದು ಹೇಳಬೇಕು, ಇನ್ನೂರು ಜನರ ಮುಂದೆ, ಮೈಕಿನಲ್ಲಿ. ಹಿಂದಿನ ಬಾಗಿಲಿನಿಂದ ಹೊರಗೆ ಹೋದರೆ ಹುಮನಾಬಾದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುತ್ತ ಫೋಟೊಗಳ ಸಾಲಿನ ಕಡೆ ಸರಿದೆ.

ಅಲ್ಲಿ ಕಮಳಾಬಾಯಿ ಬಂದು ನಿಂತಿದ್ದಳು. ಸೊಸೆ ಕೈ ಹಿಡಿದಿದ್ದಳು. ಮುದುಕಿ ಫೋಟೊಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಗಂಡನ ರುಮಾಲು ನೋಡಿದಳು, ಹಣೆ ನೋಡಿದಳು, ಮೀಸೆಯ ಮೇಲೆ ಬೆರಳು ಆಡಿಸಿದಳು. ಆಮೇಲೆ ಬೆರಳು ಕೆಳಗೆ ಇಳಿದು ಅವನ ಬಲಗೈಯ ಹತ್ತಿರ ನಿಂತಿತು. ತುಕಾರಾಮನ ಮುಖ ಗಟ್ಟಿಯಾಗಿತ್ತು, ಎದೆ ಮುಂದಕ್ಕಿತ್ತು. ಆ ಕೈ ಮಾತ್ರ ತನ್ನ ಅಂಗಿಯ ತುದಿಯನ್ನು ಮುದ್ದೆ ಮಾಡಿ ಹಿಡಿದುಕೊಂಡಿತ್ತು.

"ಏ ನೋಡಿಲ್ಲೆ" ಎಂದು ಆಕೆ ಸೊಸೆಯನ್ನು ಎಳೆದಳು. "ನಿಮ್ಮ ಮಾವ ಅಂಜ್ಯಾರ ನೋಡು! ನನಗೇನೋ ಅಂಜಬ್ಯಾಡ, ಸುಮ್ಮ ನಿಂದ್ರು, ಫೋಟೊದಾಗೇನು ಜೀವ ಹೋಗ್ತದೇನು ಅಂತ ಗದರಿಸಿದ್ರು. ಇಷ್ಟು ವರ್ಷ ಅವತ್ತು ಅಂಜಿದಾಕಿ ನಾ ಒಬ್ಬಾಕೇ ಅಂತ ತಿಳಕೊಂಡಿದ್ದೆ." ಆಕೆ ನಗುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ನನ್ನ ಕಡೆ ತಿರುಗಿ, "ಅಂಜಿದ್ರೂ ಹ್ಯಾಂಗ ನಿಂತಾರ ನೋಡ್ರಿ ಸಾಹೇಬ್ರ" ಎಂದಳು.

ಆ ಹೊತ್ತಿಗೆ ಮೈಕಿ​ನಲ್ಲಿ ನನ್ನ ಹೆಸರು ಕೂಗಿದರು. ನಾನು ಅಂಗಿಯ ತುದಿ ಹಿಡಿದುಕೊಂಡು ವೇದಿಕೆಯ ಕಡೆ ನಡೆದೆ.